ಮಾವ ಸರಿಸಿದ ಸಮುದ್ರ

ಅಬುಧಾಬಿಯನ್ನು ಕಟ್ಟಿದವರು ಯಾರು ಎಂದು ನೀವು ಯಾರನ್ನು ಬೇಕಾದರೂ ಕೇಳಿ, ನನ್ನ ಸೋದರಮಾವನನ್ನು ಮಾತ್ರ ಕೇಳಬೇಡಿ! "ಆಗ ನಾವು ಸಮುದ್ರವನ್ನು ಸ್ವಲ್ಪ ಆಚೆ ಸರಿಸಿದೆವು" ಎಂದೇ ಅವರು ಶುರುಮಾಡುವುದು. ನಿಜಕ್ಕೂ ಮಾವ ಸರಿಸಿದ್ದು ಒಂದು ಕಂಪನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟಿನ ಡಬ್ಬಗಳನ್ನು. ಆದರೆ ಕಡಲಂಚಿನ ಕಾರ್ನಿಶ್ ರಸ್ತೆಯಲ್ಲಿ ಕಾರು ನಿಲ್ಲಿಸಿ, ಇಲ್ಲಿಯವರೆಗೆ ನೀರಿತ್ತು ಎಂದು ಅವರು ಕೈ ಚಾಚಿದರೆ ನಾವು ಥಟ್ಟನೆ ಕಾಲು ಎತ್ತಿಕೊಳ್ಳಬೇಕು, ಅಷ್ಟು ಖಾತ್ರಿ!

ಉಡುಪಿಯಿಂದ ಯಾರೇ ಬರಲಿ, ಹಮ್ದಾನ್ ಸ್ಟ್ರೀಟಿನ ಅವರ ಫ್ಲ್ಯಾಟಿನಲ್ಲಿ ಊರು ತೋರಿಸುವ ಕಾರ್ಯಕ್ರಮ ಅಡುಗೆಮನೆಯಿಂದಲೇ ಆರಂಭ. ಮಾವ ನಲ್ಲಿ ತಿರುಗಿಸಿ, ಇದು ಬರೇ ನೀರಲ್ಲ, ಉಪ್ಪು ತೆಗೆದ ಸಮುದ್ರ ಎನ್ನುತ್ತಾರೆ. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆಯ ಕೆಳಗೇ ಕಳೆಯುವ ನಮ್ಮವರಿಗೆ ನೀರೊಂದು ನೋಡುವ ವಸ್ತುವೇ? ಅವರು ಮಿಕಿಮಿಕಿ ನೋಡುತ್ತಾರೆ. ಮಾವ ಬಿಡುವವರಲ್ಲ. ಈ ದ್ವೀಪದಲ್ಲಿ ಸಿಹಿನೀರೇ ಇರಲಿಲ್ಲವಂತೆ, ಜಿಂಕೆಯ ಹೆಜ್ಜೆ ಹಿಡಿದು ಹೋದ ಬೇಟೆಗಾರರಿಗೆ ಒಂದು ಒರತೆ ಸಿಕ್ಕಿತಂತೆ, ಅದಕ್ಕೇ ಊರಿಗೆ ಜಿಂಕೆಯ ಅಪ್ಪ ಎಂಬ ಹೆಸರಂತೆ. ಆಮೇಲೆ ಕೋಟೆ, ಖರ್ಜೂರದ ಗರಿಯ ಗುಡಿಸಲು, ಉಸಿರು ಕಟ್ಟಿ ಮುತ್ತು ಹೆಕ್ಕುತ್ತಿದ್ದ ಜನ, ಮುತ್ತಿನ ವ್ಯಾಪಾರ ಮುಳುಗಿದ್ದು, ಎಣ್ಣೆ ಎದ್ದದ್ದು, ಏಳು ಸಂಸ್ಥಾನಗಳು ಒಂದಾಗಿ ದೇಶವಾದದ್ದು...

"ದೇಶ ಆಯ್ತಲ್ಲ, ಇನ್ನು ಆ ನಲ್ಲಿ ಬಿಟ್ಟುಕೊಡಿ, ಚಾಯಕ್ಕೆ ನೀರಿಡ್ಲಿಕ್ಕುಂಟು" ಎನ್ನುತ್ತಾರೆ ಅತ್ತೆ. ಇವರಿಗೆ ತಮ್ಮ ಮದುವೆಯ ತಾರೀಕು ನೆನಪಿಲ್ಲ, ಯಾವ ಟವರಿಗೆ ಯಾವಾಗ ಗುಂಡಿ ತೋಡಿದರು ಎಂಬುದು ಬಾಯಿಪಾಠ ಎಂಬುದು ಅತ್ತೆಯ ಹಳೇ ದೂರು.

ದಾರಿ ಹೇಳುವುದೂ ಹಾಗೆಯೇ. ನಾನು ಹೊಸದಾಗಿ ಬಂದಾಗ, ಖಾಲಿದಿಯಾದಲ್ಲಿ ಪೆಟ್ರೋಲ್ ಪಂಪಿನ ಎದುರು ಇಳಿ ಎಂದಿದ್ದರು. ಪಠಾಣ ಟ್ಯಾಕ್ಸಿಯವ ನನ್ನನ್ನು ಸುತ್ತಿಸಿ ಸುತ್ತಿಸಿ, ಕೊನೆಗೆ ಆ ಪಂಪು ತನ್ನ ಮದುವೆಗೆ ಮುಂಚೆಯೇ ಹೋಯಿತೆಂದು ಕನಿಕರದಿಂದ ಹೇಳಿದ. ಮಾವನಿಗೆ ಫೋನ್ ಮಾಡಿದರೆ, ಪಂಪು ಹೋದದ್ದು ತನಗೂ ಗೊತ್ತು, ಆದರೆ ಜಾಗ ಅದೇ ಅಲ್ಲವೇ ಎಂದು ನನಗೇ ಬೈಗುಳ!

ದುಬೈಗೆ ಹೋದರೆ ಇನ್ನೊಂದು ಪಜೀತಿ. ಬುರ್ಜ್ ಖಲೀಫಾದ ಬುಡದಲ್ಲಿ ಜಗತ್ತೆಲ್ಲ ಕತ್ತು ಮೇಲೆತ್ತಿ ನಿಂತಿದ್ದರೆ ಮಾವ ಮಾತ್ರ ನೆಲ ನೋಡುತ್ತಾರೆ! ಎತ್ತರ ಬಿಡಿ, ಇಷ್ಟು ಭಾರವನ್ನು ಮರಳುಗಾಡಿನಲ್ಲಿ ಹೇಗೆ ನಿಲ್ಲಿಸಿದರು ಎಂದು ಯೋಚಿಸಿ ಎಂಬುದು ಅವರ ವಾದ. ಒಮ್ಮೆ ನಾವೂ ಬಗ್ಗಿ ನೋಡಿದೆವು. ಯಾರದೋ ಚಿನ್ನದ ಸರ ಬಿದ್ದಿದೆ ಎಂದುಕೊಂಡು ಅಕ್ಕಪಕ್ಕದ ನಾಲ್ಕು ಜನರೂ ಹುಡುಕತೊಡಗಿದರು.

ನಗುತ್ತೇನೆ, ನಿಜ. ಆದರೆ ಅಲ್ ರೀಮ್ ಐಲ್ಯಾಂಡಿನ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ದೀಪ ಹತ್ತಿದ ಗೋಪುರಗಳನ್ನು ನೋಡುವಾಗ ನನಗೂ ಮೈ ಜುಂ ಎನ್ನುತ್ತದೆ. ಒಬ್ಬ ಮನುಷ್ಯನ ನೌಕರಿ ಮುಗಿಯುವುದರೊಳಗೆ ಇಷ್ಟೆಲ್ಲ ಎದ್ದು ನಿಂತಿತೇ!

ಆ ನೌಕರಿಯದ್ದೇ ಮಾವನಿಗೆ ಚಿಂತೆ. ಇಲ್ಲಿ ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ನಾವು. ಅರವತ್ತು ದಾಟಿದ ಮೇಲೆ ಕಂಪನಿ ಅವರನ್ನು ವರ್ಷ ವರ್ಷಕ್ಕೆ ಮುಂದುವರಿಸುತ್ತಿತ್ತು. ವೀಸಾ ಮುಗಿಯುವ ತಿಂಗಳು ಪೂರ್ತಿ ಮಾವ ಇತಿಹಾಸವನ್ನೇ ಎತ್ತುತ್ತಿರಲಿಲ್ಲ, ಬೆಕ್ಕಿನ ಹಾಗೆ ಓಡಾಡುತ್ತಿದ್ದರು. ಸ್ಟ್ಯಾಂಪು ಬಿದ್ದರೆ ಮತ್ತೆ ನಲ್ಲಿ ತಿರುಗಿಸುತ್ತಿದ್ದರು. ಈ ಸಲ ಕಂಪನಿ ಖಲಾಸ್ ಎಂದಿತು.

"ಉಡುಪಿಯಲ್ಲಿ ಮನೆ ಉಂಟು, ಊಟಕ್ಕೆ ಉಂಟು, ಬೇಜಾರೆಂತ ಇಲ್ಲ" ಎಂದರು ಮಾವ. ಆಮೇಲೆ, "ಇನ್ನು ಇಲ್ಲಿ ಎಂತೆಲ್ಲ ಆಗ್ತದೋ, ಅದು ನಂಗೆ ನೋಡ್ಲಿಕ್ಕಿಲ್ಲ ಅಲ್ವಾ ಮಾರಾಯ್ತಿ" ಎಂದರು.

ಊರಿನ ಮನೆ ತೆರೆದಿಡಲು ಅತ್ತೆ ಮೊದಲೇ ಹೋಗಿದ್ದರು. ರಜೆಗೆ ಹೊರಟ ನಾನು ಮಾವನ ವಿಮಾನದಲ್ಲೇ ಟಿಕೆಟ್ ಮಾಡಿಸಿದೆ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಬಿಳಿ ನಿಲುವಂಗಿಯ ಎಳೆಯ ಅರಬ್ ಅಧಿಕಾರಿ. ರದ್ದಾದ ವೀಸಾವನ್ನು ನೋಡಿ, ಮೊದಲು ಬಂದದ್ದು ಯಾವಾಗ ಎಂದು ಹಿಂದಿಯಲ್ಲೇ ಕೇಳಿದ. ಮಾವ ಹೇಳಿದರು. ಆ ಹುಡುಗ ತಲೆಯೆತ್ತಿದ.

"ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು! ನಮ್ಮಜ್ಜ ಹೇಳುತ್ತಿದ್ದ ಊರನ್ನು ನೀವು ಕಣ್ಣಾರೆ ಕಂಡಿದ್ದೀರಿ. ನಾನು ಕಂಡಿಲ್ಲ. ಹೇಗಿತ್ತು ಆಗ?"

ಅಯ್ಯೋ ದೇವರೇ, ಇನ್ನು ವಿಮಾನ ತಪ್ಪಿದ ಹಾಗೆಯೇ ಎಂದುಕೊಂಡೆ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಆದರೆ ಮಾವ, ಬಹಳ ಚೆನ್ನಾಗಿತ್ತು ಎಂದಷ್ಟೇ ಹೇಳಿದರು. ಹುಡುಗ ಎದ್ದು ನಿಂತು, ಎರಡೂ ಕೈಯಲ್ಲಿ ಪಾಸ್‌ಪೋರ್ಟ್ ಕೊಟ್ಟ.

ವಿಮಾನದೊಳಗೆ ಹೋಗಿ ಕುಳಿತ ಮೇಲೆ ಮಾವ ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಬೆನ್ನು ಸವರಿದೆ. ಮುಖ ಒರೆಸಿಕೊಂಡು ಅವರು ಹೇಳಿದರು:

"ಇಷ್ಟು ವರ್ಷ ಕೇಳದವರಿಗೆಲ್ಲ ಹೇಳಿದೆ ಮಾರಾಯ್ತಿ. ಕೇಳಿದವ ಅವನೊಬ್ಬ. ಅವನಿಗೆ ಎಂತದೂ ಹೇಳ್ಲಿಕ್ಕೆ ಆಗ್ಲಿಲ್ಲ."