ಮೂರಕ್ಕೆ ನಾಲ್ಕು ಬಾರಿಸುವವರು

ನಮ್ಮ ಮನೆಯವರ ಎಡಗೈ ಮತ್ತು ಬಲಗೈ ಮಾತು ಬಿಟ್ಟು ವರ್ಷಗಳಾದವು! ಬಲಗೈ ಮೂರು ಪೆಟ್ಟು ಹಾಕುವಷ್ಟರಲ್ಲಿ ಎಡಗೈ ನಾಲ್ಕು ಹಾಕಬೇಕಂತೆ, ಆಮೇಲೆ ಎರಡೂ ಒಟ್ಟಿಗೇ ಬಂದು ಬೀಳಬೇಕಂತೆ. ಮಠದ ಸೋಮವಾರದ ಭಜನೆಗೆ ತಬಲಾ ಬಾರಿಸುವ ಮನುಷ್ಯ. ಬಾರಿಸಲಿ, ಬೇಡ ಎಂದವರು ಯಾರು? ಆದರೆ ಅಭ್ಯಾಸ ನನ್ನ ಹಿಟ್ಟಿನ ಡಬ್ಬಿಯ ಮೇಲೇಕೆ? ನಾನು ರೊಟ್ಟಿ ಬಡಿಯಲು ಕೂತರೆ ಸಾಕು, ನನ್ನ ಬಡಿತಕ್ಕೆ ಎದುರಾಗಿ ಡಬ್ಬಿ ಶುರು. ನನ್ನ ಕೈ ತಪ್ಪಿ ರೊಟ್ಟಿ ಹರಿಯುತ್ತದೆ. "ನೀ ಲಯಾ ಬಿಟ್ಟಿ ನೋಡು" ಎಂದು ಅನ್ನಿಸಿಕೊಳ್ಳುವವಳೂ ನಾನೇ!

ಒಮ್ಮೆ ಬೀಳಗಿ ಬಸ್ಸಿನಲ್ಲಿ ಮುಂದಿನ ಸೀಟಿನ ಮೇಲೆ ಬಾರಿಸುತ್ತ ಬಾರಿಸುತ್ತ ಕೈ ಜಾರಿ ಅಲ್ಲಿ ಕೂತವರ ಬೋಳು ತಲೆಗೆ ಹೋಯಿತು.

"ಯಜಮಾನ್ರ, ಇದು ನನ್ನ ತಲಿ ಐತ್ರಿ!"

"ಹೌದ್ರಿ, ನಾದ ಛಲೋ ಐತಿ."

ನಾನು ಕಿಟಕಿಗೆ ಮುಖ ಮಾಡಿ, ಈ ಮನುಷ್ಯ ಯಾರೋ ಏನೋ ಎಂಬಂತೆ ಕೂತೆ.

ಬನಹಟ್ಟಿಯ ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿವೆ. ಹಳೆಯದು ನಿಧಾನ. ಅದನ್ನು ಚುರುಕು ಮಾಡಲಿ ಎಂದು ನಾನೇ ಮಿಸ್ತ್ರಿಯನ್ನು ಕರೆಸಿದೆ. ಇವರು ಬಾಗಿಲಿಗೆ ಅಡ್ಡ ನಿಂತರು!

"ಹಳೇದು ಮೂರು ಹೊಡಿಯೂದ್ರಾಗ ಹೊಸಾದು ನಾಕು ಹೊಡೀತೈತಿ. ಆಮ್ಯಾಲೆ ಎರಡೂ ಕೂಡೇ ಬೀಳ್ತಾವ. ಕೇಳಪಾ, ಎಷ್ಟ್ ಛಂದ ಐತಿ! ಅದನ್ನ ಮುಟ್ಟಬ್ಯಾಡ."

ಮಿಸ್ತ್ರಿ ನನ್ನನ್ನು ಮರುಕದಿಂದ ನೋಡಿ, ನಟ್ಟು ಬಿಚ್ಚುವ ಪಾನಾ ಚೀಲದೊಳಗಿಟ್ಟು ಹೋದ. ಇಂಥವರ ಜೊತೆ ಸಂಸಾರ ಮಾಡಿ ಎಂದರೆ ಹೇಗೆ ಮಾಡುವುದು, ನೀವೇ ಹೇಳಿ!

ಹೋದ ವರ್ಷ ನನಗೆ ಲಕ್ವಾ ಹೊಡೆಯಿತು. ದಿನಾ ನಡೆಯದಿದ್ದರೆ ಎಡಗಾಲು ಮತ್ತೆ ಸ್ವಾಧೀನಕ್ಕೆ ಬರಲಿಕ್ಕಿಲ್ಲ ಎಂದರು ಡಾಕ್ಟರು. ಆದರೆ ಕಾಲೆಳೆದುಕೊಂಡು ಓಣಿಯಲ್ಲಿ ಹೋಗುವುದೆಂದರೆ ನನಗೆ ಜೀವ ಹೋದಷ್ಟು ನಾಚಿಕೆ. ಇವರು ಒತ್ತಾಯ ಮಾಡಿ ಹೊರಡಿಸಿದರು. ಹೊರಟರೆ, ಪಕ್ಕದಲ್ಲಿ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ, ಬಾಯಲ್ಲಿ ಒಂದು, ಎರಡು, ಮೂರು, ನಾಲ್ಕು! ನನಗೆ ಸಿಟ್ಟು ನೆತ್ತಿಗೇರಿತು.

"ನಾ ಇಲ್ಲಿ ನಡ್ಯಾಕ ಆಗದ ಸಾಯಾಕತ್ತೇನಿ, ನಿಮಗ ಈಗೂ ತಾಳದ್ದ ಚಿಂತಿ ಏನ್ರಿ? ಮುಂದ ಹೋಗ್ರಿ! ನನ್ನ ಸಂಗಾಟ ಹಿಂದ ಬೀಳಬ್ಯಾಡ್ರಿ!"

ಅವರು ನಿಂತರು.

"ಹಿಂದ ಯಾರ್ ಬಿದ್ದಾರ? ನಿಂದು ಮೂರು, ನಂದು ನಾಕು. ಆಮ್ಯಾಲೆ ಇಬ್ಬರ ಕಾಲೂ ಕೂಡೇ ಬೀಳ್ತಾವ. ನೀ ತಡಾ ಏನೂ ಆಗಿಲ್ಲ."

ಬೀದಿಯಲ್ಲೇ ಕಣ್ಣು ತುಂಬಿ ಬಂತು. ಮಿಸ್ತ್ರಿಯನ್ನು ವಾಪಸ್ಸು ಕಳಿಸಿದ್ದು ನೆನಪಾಯಿತು. ಎಡಗಾಲು ಎತ್ತಿಟ್ಟೆ. ಲೈಟಿನ ಕಂಬದ ಹತ್ತಿರ ನಮ್ಮಿಬ್ಬರ ಕಾಲೂ ಒಟ್ಟಿಗೇ ಬಿದ್ದವು. ಕಟ್ಟೆಯ ಮೇಲೆ ಕೂತವರು ನೋಡುತ್ತಿದ್ದರು, ನೋಡಲಿ!

ಯಾರೋ ಮಾತಾಡಿಸಿದರೆಂದು ಇವರು ಹೊರಳಿ ನಿಂತರು. ನಾನು ತೋಳು ಹಿಡಿದು ಎಳೆದೆ.

"ಸುಮ್ಮನ ನಡೀರಿ. ಎಣಿಕಿ ತಪ್ಪತೈತಿ."