ಕ್ಯಾಪ್ಟನ್ ಮೆಹತಾನ ಮೊಣಕೈ

ಬೆಳಗಿನ ಚಹಾದ ಜೊತೆ ಎರಡು ಬಿಸ್ಕೀಟು ಬಂದಾಗಲೇ ಚಮನಸಾಬನ ಎದೆ ಧಸಕ್ಕೆಂದಿತು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಮಕ್ತುಮಬಿ ಕೇಳದೆ ಬಿಸ್ಕೀಟು ಕೊಟ್ಟದ್ದು ಎರಡೇ ಸಲ. ಎರಡೂ ಸಲ ಅವಳ ತಮ್ಮ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿದ್ದ.

"ಮೊಣಕಾಲು ಹೆಂಗೈತಿ?" ಎಂದು ಅವನು ಹುಷಾರಾಗಿ ಮಾತು ತೆಗೆದ.

"ಅದರ ಚಿಂತಿ ಬಿಡ್ರಿ. ದಿಲ್ಲಿ ಡಾಕ್ಟರನ ಎಣ್ಣಿ ತರಸಾಕತ್ತೇನಿ, ಇವತ್ತ ನಾಳೆ ಬರ್ತೈತಿ. ನೀವು ಮೊದ್ಲ ಹೇಳ್ರಿ, ಆ ಹದಿನೆಂಟು ಲಕ್ಷ ಎಲ್ಲಿಟ್ಟೀರಿ?"

ಚಹಾ ಮೂಗಿಗೆ ಹತ್ತಿತು. ಅವನು ಕೆಮ್ಮಿ ಮುಗಿಸುವುದರೊಳಗೆ ಮಕ್ತುಮಬಿ ಫೋನನ್ನು ಮುಖದ ಮುಂದೆ ಹಿಡಿದಳು. ಪರದೆಯ ಮೇಲೆ ನೀಲಿ ಕೋಟು ತೊಟ್ಟ ಚಮನಸಾಬ ನಗುತ್ತಿದ್ದ. ಕೆಳಗೆ ಬರೆದಿತ್ತು: 'ಕ್ಯಾಪ್ಟನ್ ವಿಕ್ರಮ ಮೆಹತಾ, ಮುಂಬೈ. ಮಹಾಫಲ ಕಾಯಿನ್‌ನಿಂದ ಮೂರೇ ತಿಂಗಳಲ್ಲಿ ಹದಿನೆಂಟು ಲಕ್ಷ ಗಳಿಸಿದೆ. ನೀವೂ ಗಳಿಸಿ!'

ಆ ಕೋಟಿನ ಕತೆ ಹೇಳಿಬಿಡಬೇಕು. ಚಮನಸಾಬ ಇಳಕಲ್ಲಿನಲ್ಲಿ ಸೋಮಲಿಂಗನ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೋನೆಟ್ ಊದುತ್ತಾನೆ. ಕೋಟು ಕಂಪನಿಯದು. ಹೆಗಲ ಮೇಲೆ ಬಂಗಾರ ಬಣ್ಣದ ಗೊಂಡೆ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಹಿಂದೊಂದು ಮದುವೆಯಲ್ಲಿ ಪಟಾಕಿ ಸಿಡಿದು ಎಡ ಮೊಣಕೈ ಬಳಿ ತೂತು ಬಿದ್ದಿತ್ತು. ನೆರೆಮನೆಯ ನೇಕಾರ್ತಿ ಚಂದ್ರವ್ವ ಸೀರೆಯ ಸೆರಗು ನೇಯ್ದು ಉಳಿದಿದ್ದ ಕೆಂಪು ರೇಷ್ಮೆಯಲ್ಲಿ ಅದನ್ನು ರಫು ಮಾಡಿಕೊಟ್ಟಿದ್ದಳು. ಹೋದ ಚಳಿಗಾಲದಲ್ಲಿ ಬಾದಾಮಿಯ ಮದುವೆಯೊಂದರಲ್ಲಿ ಯಾರೋ ಪ್ರವಾಸಿ ದೊಡ್ಡ ಕ್ಯಾಮೆರಾ ಹಿಡಿದು ಬಂದು, ಹೊಂಡದ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿ ಫೋಟೋ ತೆಗೆದು, ಒಂದು ಚಾಕೊಲೇಟು ಕೊಟ್ಟು ಹೋಗಿದ್ದ. ಆ ಫೋಟೋ ಯಾವ ಊರಿನ ಕಳ್ಳರ ಕೈ ಸೇರಿ ಕ್ಯಾಪ್ಟನ್ ಆಯಿತೋ ದೇವರೇ ಬಲ್ಲ. ನಿಜವಾದ ಚಮನಸಾಬ ಜೀವನದಲ್ಲಿ ಹತ್ತಿದ್ದು ಒಂದೇ ದೋಣಿ. ಹಿನ್ನೀರು ದಾಟುವ ಆ ದೋಣಿಯಲ್ಲೂ ವಾಂತಿ ಮಾಡಿಕೊಂಡಿದ್ದ.

"ಇದು ಮೋಸಗಾರರ ಕೆಲಸ. ನನ್ನ ಫೋಟೋ ಕದ್ದಾರ," ಎಂದ.

"ಹೇಣ್ತಿ ಮುಂದೂ ಹೇಳಬಾರದಷ್ಟು ಗುಟ್ಟೇನ್ರಿ?" ಎಂದು ಮಕ್ತುಮಬಿ ಮೂರನೆಯ ಬಿಸ್ಕೀಟು ಇಟ್ಟಳು.

ಗಡ್ಡದ ಕ್ಷೌರಕ್ಕೆಂದು ಹೊರಬಿದ್ದರೆ ಓಣಿಯೇ ಬದಲಾಗಿತ್ತು. ನಿನ್ನೆಯವರೆಗೆ 'ಏ ಚಮನ್ಯಾ' ಎನ್ನುತ್ತಿದ್ದವರು ಕೈ ಮುಗಿದರು. ಮೊಬೈಲ್ ಅಂಗಡಿಯ ರಾಜೇಶ ಎದ್ದು ನಿಂತು ಸಲ್ಯೂಟ್ ಹೊಡೆದ.

"ಬರ್ರಿ ಕ್ಯಾಪ್ಟನ್ ಕಾಕಾ!"

"ಲೇ ರಾಜ್ಯಾ, ಆ ಫೋಟೋ ನಂದ ಖರೆ, ಉಳಿದದ್ದೆಲ್ಲಾ ಸುಳ್ಳು. ಹದಿನೆಂಟು ಲಕ್ಷ ಇದ್ರ ಈ ಹರಕ ಚಪ್ಲಿ ಯಾಕ ಹಾಕ್ಕೊಳ್ಳಲಿ?"

"ಅದ ನೋಡ್ರಿ ಶ್ಯಾಣ್ಯಾತನ! ಹೆಸರು ಬ್ಯಾರೆ, ಊರು ಬ್ಯಾರೆ, ಕಾಲಾಗ ಹರಕ ಚಪ್ಲಿ. ಇನ್‌ಕಮ್ ಟ್ಯಾಕ್ಸಿನವ್ರ ಅಪ್ಪ ಬಂದ್ರೂ ಗೊತ್ತಾಗೂದಿಲ್ಲ."

ಇಲ್ಲ ಎಂದಷ್ಟೂ ಅವನ ಶ್ರೀಮಂತಿಕೆ ಏರುತ್ತಲೇ ಹೋಯಿತು. ಕ್ಷೌರದವನು ದುಡ್ಡು ತೆಗೆದುಕೊಳ್ಳಲಿಲ್ಲ, ಬದಲಿಗೆ ಮಗನಿಗೊಂದು ನೌಕರಿ ಕೇಳಿದ. ಹನ್ನೊಂದು ಗಂಟೆಗೆಲ್ಲ ಚಮನಸಾಬನಿಗೆ ಮುಂಬೈಯಲ್ಲಿ ಎರಡು ಹಡಗುಗಳಿದ್ದವು, ಮಧ್ಯಾಹ್ನಕ್ಕೆ ಮೂರಾದವು. ಅವನಿಗೂ ಒಳಗೊಳಗೆ ಕೊಂಚ ಹಿತವಾಗಿತ್ತೆನ್ನಿ. ನಲವತ್ತೆಂಟು ವರ್ಷ ಯಾರೂ ತಿರುಗಿ ನೋಡದ ಮನುಷ್ಯ. ಒಂದು ದಿನ ಕ್ಯಾಪ್ಟನ್ ಆಗಿದ್ದರೆ ಯಾರ ಗಂಟೇನು ಹೋಗುತ್ತದೆ?

ಯಾರ ಗಂಟು ಹೋಗುತ್ತದೆಂಬುದು ಎರಡು ಗಂಟೆಗೆ ಗೊತ್ತಾಯಿತು. ಹುನಗುಂದದಲ್ಲಿ ಸಂಜೆ ಮದುವೆ ಮೆರವಣಿಗೆ. ಕೋಟು ತೊಟ್ಟು, ಕ್ಲಾರಿಯೋನೆಟ್ ಪೆಟ್ಟಿಗೆ ಹಿಡಿದು ಬಸ್ಸಿಗೆ ಹೊರಟವನಿಗೆ ರಾಜೇಶ ಎದುರಾದ.

"ಕಾಕಾ, ಚಂದ್ರವ್ವಕ್ಕನ ಮನಿಗೆ ಹೊಂಟೇನಿ. ಮಹಿಳಾ ಸಂಘದ ರೊಕ್ಕ ಮಹಾಫಲಕ್ಕ ಹಾಕೂದೈತಿ. ಎರಡು ಲಕ್ಷ ನಲವತ್ತು ಸಾವಿರ! ನಾಲ್ಕು ಗಂಟೆಗೆ ಸ್ಕೀಮ್ ಬಂದ್ ಆಗ್ತೈತಂತ."

ಚಮನಸಾಬನ ಕಾಲುಗಳು ಅಲ್ಲೇ ನಿಂತವು. ಆ ದುಡ್ಡು ಅವನಿಗೆ ಗೊತ್ತಿತ್ತು. ಓಣಿಯ ಹನ್ನೆರಡು ಹೆಂಗಸರು ಆರು ವರ್ಷ ಪರರ ಮಗ್ಗದಲ್ಲಿ ಕೂಲಿಗೆ ಸೀರೆ ನೇಯ್ದು, ವಾರವಾರ ಕೂಡಿಟ್ಟದ್ದು. ಸ್ವಂತದ ನಾಲ್ಕು ಮಗ್ಗ ಹಾಕಿ, ಕೂಲಿ ಬಿಟ್ಟು ತಮ್ಮ ಸೀರೆ ತಾವೇ ಮಾರಬೇಕೆಂಬುದು ಅವರ ಆಸೆ.

"ಯಾರ ಮಾತು ಕೇಳಿ ಹಾಕಾಕತ್ತಾರ?"

"ನಿಮ್ಮ ಮಾರಿ ನೋಡಿ, ಕಾಕಾ."

ಬೆಳಗಿನ ಹಿತವೆಲ್ಲ ಒಂದೇ ಕ್ಷಣದಲ್ಲಿ ಇಳಿದು ಹೋಯಿತು. ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಬಸ್ಸು ಬಿಟ್ಟು ಚಂದ್ರವ್ವನ ಮನೆಗೆ ಓಡಿದ.

ಹನ್ನೆರಡು ಹೆಂಗಸರೂ ಕೌದಿ ಹಾಸಿಕೊಂಡು ಕುಳಿತಿದ್ದರು. ಅವನನ್ನು ನಡುವೆ ಕೂಡಿಸಿ ಮಜ್ಜಿಗೆ ಕೊಟ್ಟರು.

"ಹಾಕಬ್ಯಾಡ್ರಿ! ಅದು ಮೋಸ ಐತಿ!"

ಚಂದ್ರವ್ವ ಕಣ್ಣು ಕಿರಿದು ಮಾಡಿದಳು. "ಅಣ್ಣಾ, ನೀ ಒಬ್ಬಾವ ಉಂಡು ಗಡಿಗಿ ಬೋರಲು ಹಾಕ್ತಿ ಏನು? ನಾವೂ ಒಂದು ತುತ್ತು ಉಂಡ್ರ ನಿನ್ನ ಹೊಟ್ಟಿ ಯಾಕ ಉರೀತೈತಿ?"

"ನಾ ಕ್ಯಾಪ್ಟನ್ ಅಲ್ಲಬೇ!"

"ಎಂಟು ದಿನದ ಹಿಂದ ಎರಡು ಸಾವಿರ ಹಾಕಿ ನೋಡೇವಿ. ಇವತ್ತ ಒಂಬತ್ತು ಸಾವಿರದ ಎರಡು ನೂರ ಆಗೇತಿ. ತೋರ್ಸೋ ರಾಜೇಶ."

ರಾಜೇಶ ತೋರಿಸಿದ. ಹಸಿರು ಬಾಣ ಮೇಲಕ್ಕೆ ಏರುತ್ತಿತ್ತು. ಚಮನಸಾಬ ತಲೆ ಕೆರೆದುಕೊಂಡ. ಅವನಿಗೆ ಕಾಯಿನ್ನೂ ಗೊತ್ತಿಲ್ಲ, ಬಾಣವೂ ಗೊತ್ತಿಲ್ಲ. ಆದರೆ ಮದುವೆ ಮನೆಯವರ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕೈಗೆ ಬರುವವರೆಗೆ ಬಾಯಿ ಮಾತಿನ ದುಡ್ಡು ದುಡ್ಡಲ್ಲ.

"ಫೋನಿನ್ಯಾಗ ಇದ್ರ ಏನಾತು? ಆ ಒಂಬತ್ತು ಸಾವಿರ ಹೊರಗ ತಗದು ಚಂದ್ರವ್ವನ ಕೈಯಾಗ ಇಡು, ನೋಡೂಣು."

ರಾಜೇಶ ಒತ್ತಿದ. ಪರದೆ ಗಿರಗಿರ ತಿರುಗಿ ಬರಹ ಮೂಡಿತು: 'ಅಭಿನಂದನೆಗಳು! ನಿಮ್ಮ ಹಣ ಸಿದ್ಧವಾಗಿದೆ. ಬಿಡುಗಡೆ ಶುಲ್ಕ ಐದು ಸಾವಿರ ಪಾವತಿಸಿ.'

ಹಿರಿಯಳಾದ ಲಗಮವ್ವ ಹುಬ್ಬೇರಿಸಿದಳು. "ನಾ ನೇದ ಸೀರಿ ನಾ ಮಗ್ಗದಿಂದ ಇಳಿಸಿಕೊಳ್ಳಾಕ ಯಾರಿಗೆ ಯಾಕ ರೊಕ್ಕ ಕೊಡಬೇಕೋ? ಬೇಕಾದ್ರ ಅದರಾಗ ಮುರಕೊಂಡು ಉಳಿದದ್ದು ಕೊಡಲಿ."

"ಆಯಿ, ಅದು ಗ್ಯಾಸ್ ಸಿಲಿಂಡರಿನ ಡಿಪಾಜಿಟ್ ಇದ್ದಂಗ," ಎಂದ ರಾಜೇಶ. ಒಬ್ಬರನ್ನು ಸೇರಿಸಿದರೆ ಐನೂರು ಎಂದು ಅವನಿಗೆ ಮಹಾಫಲ ಆಸೆ ತೋರಿಸಿತ್ತು. ಪಾಪ, ಅವನೂ ನಂಬಿದ್ದ.

ಹೆಂಗಸರಲ್ಲಿ ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅಷ್ಟರಲ್ಲಿ ಸೋಮಲಿಂಗನ ಫೋನು ಬಂತು.

"ಲೇ ಚಮನ್ಯಾ, ಎಲ್ಲಿ ಸತ್ತೀಲೇ? ಬೀಗರು ಬಂದು ನಿಂತಾರ!"

"ಒಂದು ಮುಳುಗೋ ಹಡಗ ನಿಂದ್ರಸಾಕತ್ತೇನ್ರಿ," ಎಂದು ಅವನು ಫೋನು ಇಟ್ಟ. ಹನ್ನೆರಡು ನೂರರ ಪಗಾರ ಕಣ್ಣ ಮುಂದೆಯೇ ಹುನಗುಂದದ ಬಸ್ಸು ಹತ್ತಿ ಹೋಯಿತು. ಹೋಗಲಿ ಎಂದುಕೊಂಡ. ಹಾಗೆ ಅಂದುಕೊಂಡಾಗಲೇ ಅವನಿಗೆ ಉಪಾಯ ಹೊಳೆಯಿತು.

"ನಾ ಕ್ಯಾಪ್ಟನ್ ಅಲ್ಲಂದ್ರ ನೀವು ನಂಬೂದಿಲ್ಲ. ಬ್ಯಾಡ. ಆ ಕಂಪನಿಗೇ ಫೋನ್ ಹಚ್ಚಿ, ಕ್ಯಾಪ್ಟನ್ ಎಲ್ಲಿ ಅದಾನ ಅಂತ ಕೇಳ್ರಿ."

ಅವನ ಸುಳ್ಳು ಬಯಲಾಗುತ್ತದೆಂದು ಚಂದ್ರವ್ವ ಖುಷಿಯಿಂದ ಒಪ್ಪಿದಳು. ರಾಜೇಶ ಸ್ಪೀಕರ್ ಹಾಕಿದ. ಸಕ್ಕರೆಯಂಥ ದನಿ ಬಂತು.

"ನಮಸ್ಕಾರ ಮೇಡಂ! ತಾವು ಅತ್ಯುತ್ತಮ ನಿರ್ಧಾರ ಕೈಗೊಂಡಿದ್ದೀರಿ. ಇನ್ನು ಇಪ್ಪತ್ತೇ ನಿಮಿಷ ಉಳಿದಿದೆ."

"ರೊಕ್ಕ ತಯಾರೈತ್ರಿ. ಆ ಕ್ಯಾಪ್ಟನ್ ಸಾಹೇಬ್ರ ಕೂಡ ಒಂದು ಮಾತು ಆಡಬೇಕಿತ್ತು."

"ಖಂಡಿತ! ಅವರು ಇಲ್ಲೇ ನನ್ನ ಪಕ್ಕದಲ್ಲೇ ಕುಳಿತಿದ್ದಾರೆ."

ಹನ್ನೆರಡು ತಲೆಗಳು ಒಟ್ಟಿಗೆ ಚಮನಸಾಬನತ್ತ ತಿರುಗಿದವು. ಅವನು ಕೌದಿಯ ಮೇಲೆ ಮಜ್ಜಿಗೆ ಲೋಟ ಹಿಡಿದು ಕುಳಿತಿದ್ದ. ತುಟಿ ಬಿಗಿಯಾಗಿ ಮುಚ್ಚಿತ್ತು.

"ಹಲೋ. ನಾನು ಕ್ಯಾಪ್ಟನ್ ಮೆಹತಾ," ಎಂದಿತು ಫೋನು. ಅದೇ ಸಕ್ಕರೆ ದನಿ, ಗಂಟಲು ಒತ್ತಿ ಗಡಸು ಮಾಡಿದಂತಿತ್ತು.

"ಕಾಕಾಗ ಅವಳಿ-ಜವಳಿ ಅಣ್ಣಾರು ಇರಬೇಕು," ಎಂದು ರಾಜೇಶ ಪಿಸುಗುಟ್ಟಿದ. ಲಗಮವ್ವ ಅವನ ತಲೆಗೊಂದು ಮೊಟಕಿದಳು.

ಚಂದ್ರವ್ವನ ಮುಖ ಬಿಗಿದಿತ್ತು. "ಕ್ಯಾಪ್ಟನ್ನರ, ನಿಮ್ಮ ಕೋಟಿನ ಎಡ ಮೊಣಕೈಗೆ ಕೆಂಪಗ ಐತಲ್ಲ, ಅದೇನ್ರಿ?"

"ಅದು... ಯುದ್ಧದಲ್ಲಿ ಗುಂಡು ತಗುಲಿದ ಜಾಗ ತಾಯಿ. ದೇಶಕ್ಕಾಗಿ ಸುರಿಸಿದ ರಕ್ತ. ತೊಳೆಯಲು ಮನಸ್ಸಾಗಲಿಲ್ಲ."

"ರಕ್ತ?" ಚಂದ್ರವ್ವ ಎದ್ದೇ ನಿಂತಳು. "ಮೂರು ತಾಸು ಕುಂತು, ಎಳಿ ಎಳಿ ಕೂಡಿಸಿ ರಫು ಮಾಡೇನಿ! ಅಸಲ ರೇಶ್ಮಿ ಐತಿ ಅದು! ನನ್ನ ಕೈ ಕೆಲಸಕ್ಕ ರಕ್ತದ ಕಲಿ ಅಂತಿ ಏನೋ ಭಾಡ್ಯಾ? ಇಲ್ಲಿ ಬಾ, ಖರೇ ರಕ್ತ ಎಲ್ಲಿಂದ ಬರ್ತೈತಿ ತೋರಸ್ತೇನಿ!"

ಕ್ಯಾಪ್ಟನ್ ಫೋನಿಟ್ಟು ಓಡಿದ. ಮನೆಯಲ್ಲಿ ಎದ್ದ ನಗು ಮೂರನೆಯ ಓಣಿಗೆ ಕೇಳಿಸಿತು.

ನಕ್ಕು ಸುಸ್ತಾದ ಮೇಲೆ ಹೋದ ಎರಡು ಸಾವಿರದ ಬಗ್ಗೆ ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ಫೋನು ಮಾಡಿ ದೂರು ಬರೆಸಿದರು. ರಾಜೇಶ ತಲೆ ತಗ್ಗಿಸಿ ಆ್ಯಪ್ ಅಳಿಸಲು ಹೋದ. ಪುರಾವೆ ಇರಲಿ ಎಂದು ಚಂದ್ರವ್ವ ಫೋನನ್ನೇ ಕಸಿದಿಟ್ಟುಕೊಂಡಳು. ಎರಡು ಲಕ್ಷ ನಲವತ್ತು ಸಾವಿರ ಬ್ಯಾಂಕಿನಲ್ಲಿ ಇದ್ದಲ್ಲೇ ಇತ್ತು. ಬಡಿಗನನ್ನು ನಾಳೆಯೇ ಕರೆಸಿ ಮಗ್ಗಕ್ಕೆ ಅಳತೆ ಕೊಡುವುದೆಂದು ಅಲ್ಲಿಯೇ ನಿಶ್ಚಯವಾಯಿತು.

"ನಿನ್ನ ಮಾರಿ ನಮ್ಮನ್ನ ಮುಳುಗಸ್ತಿತ್ತು, ನೀನ ಬಂದು ಎತ್ತಿದಿ," ಎಂದು ಲಗಮವ್ವ ಅವನ ಬೋಳುತಲೆ ನೇವರಿಸಿದಳು. ಚಮನಸಾಬನಿಗೆ ಕಣ್ಣು ತುಂಬಿ ಬಂತು. ಕ್ಯಾಪ್ಟನ್ ಆದಾಗಲೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ.

ಸಂಜೆ ಹಗುರ ಮನಸ್ಸಿನಿಂದ ಮನೆಗೆ ಬಂದ. ಪಗಾರ ಹೋಗಿತ್ತು, ನಾಳೆ ಸೋಮಲಿಂಗನ ಬೈಗುಳ ಬಾಕಿ ಇತ್ತು. ಹಿಂದೆಯೇ ಚಂದ್ರವ್ವ ಹೋಳಿಗೆ ಡಬ್ಬಿ ಹಿಡಿದು ಬಂದಳು. ಮಕ್ತುಮಬಿ ಎಲ್ಲ ಕೇಳಿ ನಿಟ್ಟುಸಿರಿಟ್ಟಳು.

"ಲೋಕದಾಗ ಎಂಥಾ ಮೋಸಗಾರರು ಅದಾರ್ರಿ! ನಾ ಮಾತ್ರ ಮಾರಿ ನೋಡಿದ್ರ ಸಾಕು, ಮನಷ್ಯಾ ಎಂಥಾವ ಅಂತ ಹೇಳ್ತೇನಿ. ಈಗ ನೋಡ್ರಿ, ಆ ದಿಲ್ಲಿ ಡಾಕ್ಟರನ ಎಣ್ಣಿ ಬಂತು. ಹನ್ನೆರಡು ನೂರ ಮೊದ್ಲ ಕಳಿಸಿದ್ದೆ. ಡಾಕ್ಟರಂದು ಎಂಥಾ ನಂಬಿಗಸ್ತ ಮಾರಿ ಅಂತೀರಿ, ಎಲ್ಲೋ ಭಾಳ ದಿನದಿಂದ ನೋಡಿದಂಗಿತ್ತು!"

ಅವಳು ಎಣ್ಣೆಯ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟಳು. ಅದರ ಮೇಲೆ 'ಡಾ. ಸುಬೋಧ ಶರ್ಮಾ, ಮಂಡಿನೋವು ತಜ್ಞ' ನಗುತ್ತಿದ್ದ. ತಲೆ ತುಂಬ ಕಪ್ಪು ಕೂದಲು, ಕಣ್ಣಿಗೆ ಕನ್ನಡಕ. ಕೋಟಿಗೆ ಯಾರೋ ಬಿಳಿ ಬಣ್ಣ ಬಳಿದಿದ್ದರು. ಚಂದ್ರವ್ವ ಡಬ್ಬಿಯನ್ನು ದೀಪದ ಹತ್ತಿರ ಹಿಡಿದು ನೋಡಿದಳು. ಬಿಳಿ ಕೋಟಿನ ಎಡ ಮೊಣಕೈ ಮೇಲೆ ಅವಳ ಕೆಂಪು ರಫು ಹಾಗೆಯೇ ಇತ್ತು.

ಚಮನಸಾಬ ಗೋಡೆಗೊರಗಿ ಕುಸಿದು ಕುಳಿತ. ಮಕ್ತುಮಬಿ ಡಬ್ಬಿ ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಡಬ್ಬಿ ನೋಡಿದಳು. ಆಮೇಲೆ ಮೊಣಕಾಲ ನೋವು ಮರೆತು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯ ಮೇಲಿನ ನಂಬರಿಗೆ ತಾನೇ ಫೋನು ಹಚ್ಚಿದಳು.

"ಹಲೋ, ಡಾಕ್ಟರ್ ಶರ್ಮಾ ಏನ್ರಿ? ನಾ ನಿಮ್ಮ ಹೇಣ್ತಿ ಮಾತಾಡಾಕತ್ತೇನಿ!"