ಮತ್ತೆ ಲಾಭದಿಂದ

ಬಾಯಿ ಮುಚ್ಚಿಕೊಂಡು ಹತ್ತು ಸೇರು ಅಕ್ಕಿ ಅಳೆಸಿಕೊಂಡು ಬಂದಿದ್ದರೆ ದೊರೆಸ್ವಾಮಿಯ ಆ ಭಾನುವಾರ ಸುಖವಾಗಿಯೇ ಕಳೆಯುತ್ತಿತ್ತು. ಆದರೆ ಹರಟದೆ ಐದು ನಿಮಿಷ ನಿಲ್ಲುವುದು ಆ ಗುಮಾಸ್ತನ ಜಾತಕದಲ್ಲೇ ಇರಲಿಲ್ಲ.

ಅಂದು ಮೈಸೂರಿನಿಂದ ಮಾವನವರು ಬರುವವರಿದ್ದರು. ಹನ್ನೆರಡು ಹೊಡೆಯುತ್ತಲೇ ಎಲೆಯ ಮುಂದೆ ಕೂರುವ ಮನುಷ್ಯ. ಮೂರು ವರ್ಷದ ಹಿಂದೆ ಅರ್ಧ ಗಂಟೆ ತಡವಾಯಿತೆಂದು, "ಈ ಮನೇಲಿ ಹೊತ್ತಿಗೆ ಸರಿಯಾಗಿ ಊಟ ಇಲ್ಲ" ಎಂದು ಹೇಳಿ ಹೋದವರು ಈಗ ಬರುತ್ತಿದ್ದರು.

"ಇವತ್ತೂ ಹಾಗೇ ಆದ್ರೆ ನಮ್ಮಪ್ಪ ಇನ್ನು ಈ ಹೊಸ್ತಿಲು ತುಳಿಯೋಲ್ಲ. ಡಬ್ಬದಲ್ಲಿ ಒಂದು ಕಾಳು ಅಕ್ಕಿ ಇಲ್ಲ. ಹತ್ತು ಗಂಟೆಗೆಲ್ಲ ಬಂದ್ಬಿಡಿ, ತಿಳೀತೇನ್ರೀ?" ಎಂದು ಅಲಮೇಲು ಗಂಡನ ಕೈಗೆ ಚೀಲ ಕೊಟ್ಟಳು.

ಎನ್.ಆರ್. ಕಾಲೋನಿಯ ತಿರುವಿನಲ್ಲಿ ಶಂಭುಲಿಂಗಪ್ಪನವರ ಅಂಗಡಿ. ಹಣೆ ತುಂಬ ವಿಭೂತಿ, ಅಕ್ಕಿಪೇಟೆಯ ಹಳೆಯ ಮನೆತನ. ಅಳೆಯುವಾಗ ಮೊದಲ ಸೇರನ್ನು ಅವರು 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ನಡುವೆ ಎಣಿಕೆ ತಪ್ಪಿತೋ, ಅಳೆದದ್ದನ್ನೆಲ್ಲ ಮೂಟೆಗೆ ಸುರಿದು ಮತ್ತೆ ಲಾಭದಿಂದಲೇ ಶುರು.

"ಲಾಭ... ಎರಡು... ಮೂರು..."

ದೊರೆಸ್ವಾಮಿಯ ಕಣ್ಣು 'ದಿನಸಿ ಅಂಗಡಿ' ಎಂದು ಬರೆದಿದ್ದ ಹೊಸ ಬೋರ್ಡಿನ ಮೇಲೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ನಿವೃತ್ತ ಮೇಷ್ಟರು ಶೀನಣ್ಣನವರನ್ನು ಕೇಳಿದ. "ಮೇಷ್ಟ್ರೇ, ಈ ದಿನಸಿ ಅಂತಾರಲ್ಲ, ಹಾಗಂದ್ರೇನು?"

"ಇದೂ ಗೊತ್ತಿಲ್ವೇನಯ್ಯ? ದಿನಾ ಬೇಕಾಗೋದು, ಅದಕ್ಕೇ ದಿನಸಿ. ಅಲ್ವೇ ಶಂಭುಲಿಂಗಪ್ಪನೋರೇ?"

"ಹೌದೌದು" ಎಂದ ಶಂಭುಲಿಂಗಪ್ಪನವರ ಕೈ ನಿಂತಿತು. "ಆರಾಯ್ತೋ, ಏಳಾಯ್ತೋ?" ಅಕ್ಕಿ ಮೂಟೆಗೆ ಹೋಯಿತು. "ಲಾಭ..."

ಈ ಸಲ ಎಂಟಕ್ಕೆ ಬಂದಾಗ, ಬೆಲ್ಲಕ್ಕಾಗಿ ಕಾಯುತ್ತಿದ್ದ ಭಾಗೀರಥಮ್ಮನವರಿಗೆ ತಡೆಯಲಾಗಲಿಲ್ಲ. "ಅಲ್ರೀ ಮೇಷ್ಟ್ರೇ, ದಿನಾ ಯಾರು ತರ್ತಾರೆ? ನಮ್ಮನೇಲಿ ತಿಂಗಳಿಗೊಂದ್ಸಲ ತರೋದು. ನಮ್ಮದನ್ನ ತಿಂಗಳಸಿ ಅನ್ಬೇಕೋ?"

ಮೇಷ್ಟರಿಗೆ ರೇಗಿತು. "ಮೂವತ್ತು ವರ್ಷ ಪಾಠ ಹೇಳಿದೀನಿ, ನಂಗೇ ಹೇಳ್ಕೊಡ್ತೀರಾ?"

"ಪಾಪ, ಆ ಮಕ್ಕಳ ಗತಿ ಏನಾಯ್ತೋ!"

ನಕ್ಕು ನಕ್ಕು ಶಂಭುಲಿಂಗಪ್ಪನವರಿಗೆ ಎಣಿಕೆಯೇ ಹಾರಿಹೋಯಿತು. ಅಕ್ಕಿ ಮತ್ತೆ ಮೂಟೆಗೆ.

"ದಮ್ಮಯ್ಯ, ಯಾರೂ ಮಾತಾಡ್ಬೇಡಿ, ನಮ್ಮ ಮಾವ ಬರ್ತಿದಾರೆ!" ಎಂದು ದೊರೆಸ್ವಾಮಿ ಅಂಗಲಾಚಿದ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಎಲ್ಲರೂ ಬಾಯಿ ಮುಚ್ಚಿದರು. ಒಂಬತ್ತು ಸೇರಾಯಿತು. ಆಗ ಶಂಭುಲಿಂಗಪ್ಪನವರೇ ಸೇರನ್ನು ಎತ್ತಿ ಹಿಡಿದು ನಿಂತುಬಿಟ್ಟರು.

"ನೀವಿಬ್ರೂ ಹೇಳಿದ್ದು ತಪ್ಪು. ನಮ್ಮ ತಾತ ಜೀನಸು ಅಂತಿದ್ರು. ಪಾರ್ಸಿ ಕಡೆಯ ಮಾತಂತೆ. ಜಿನ್ಸ್ ಅಂದ್ರೆ ಸರಕು. ಬಾಯಿಂದ ಬಾಯಿಗೆ ಬಿದ್ದು ದಿನಸಿ ಆಯ್ತು. ದಿನಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ... ಅಯ್ಯೋ ಶಿವನೇ, ಎಷ್ಟಿತ್ತು?"

"ಒಂಬತ್ತು!" ಮೂವರೂ ಒಟ್ಟಿಗೆ ಕೂಗಿದರು.

"ಗಿರಾಕಿಗಳ ಎಣಿಕೆ ನಮಗಾಗೋಲ್ಲ" ಎಂದು ಶಂಭುಲಿಂಗಪ್ಪನವರು ಮೂಟೆಗೆ ಸುರಿದರು.

ನಾಲ್ಕನೆಯ ಸಲಕ್ಕೆ ದೊರೆಸ್ವಾಮಿ ಅಂಗವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತ. ಹತ್ತನೆಯ ಸೇರು ಚೀಲಕ್ಕೆ ಬಿದ್ದದ್ದೇ ತಡ, ಓಟ ಕಿತ್ತ.

ಮನೆ ಸೇರಿದಾಗ ಹನ್ನೊಂದೂಕಾಲು. ಮಾವನವರು ನಡುಮನೆಯಲ್ಲಿ ಕೂತಿದ್ದರು. ಸಾರು, ಪಲ್ಯ ಆಗಿತ್ತು, ಎಸರು ಕುದಿಯುತ್ತಿತ್ತು. ಸದ್ಯ, ಮಾನ ಉಳಿಯಿತು ಎಂದು ದೊರೆಸ್ವಾಮಿಗೆ ಜೀವ ಬಂದಂತಾಯಿತು. ಬೆಳಗಿನ ಪಾಠ ನೆನಪಿದ್ದುದರಿಂದ ತುಟಿ ಬಿಗಿದು ಮೂಲೆಯಲ್ಲಿ ಕೂತ.

ಅಲಮೇಲು ಪಾವು ಹಿಡಿದು ಅಳೆಯತೊಡಗಿದಳು. ಅವಳ ತವರಿನದೂ ಅದೇ ಪದ್ಧತಿ. "ಲಾಭ... ಎರಡು..."

"ಇಷ್ಟು ಹೊತ್ತು ಎಲ್ಲಿಗಮ್ಮಾ ಹೋಗಿದ್ರು ನಿನ್ನ ಯಜಮಾನ್ರು?" ಮಾವನವರು ಕೇಳಿದರು.

"ದಿನಸಿ ತರೋಕಪ್ಪ."

"ದಿನಸಿ! ಆ ಮಾತು ಹುಟ್ಟಿದ್ದು ಹೇಗೆ ಗೊತ್ತೇನು ನಿಂಗೆ?"

"ಅಯ್ಯೋ, ಎಷ್ಟು ಪಾವು ಹಾಕ್ದೆ?" ಅಕ್ಕಿ ಚೀಲಕ್ಕೆ ಮರಳಿತು.

ಮಾವನವರು ಎದ್ದು ಅಡುಗೆಮನೆಯ ಬಾಗಿಲಿಗೇ ಬಂದು ನಿಂತು ವಿವರಿಸಿದರು. ಅಪ್ಪನಿಗೆ ಹೂಂಗುಟ್ಟದೆ ಇರುವುದು ಮಗಳಿಂದಾಗಲಿಲ್ಲ. ಅಕ್ಕಿ ಇನ್ನೂ ಮೂರು ಸಲ ಚೀಲಕ್ಕೆ ಹೋಯಿತು. ದೊರೆಸ್ವಾಮಿ ಕೈಸನ್ನೆ ಮಾಡಿದ, ಕಣ್ಸನ್ನೆ ಮಾಡಿದ. ಬಾಯಿ ಮಾತ್ರ ತೆರೆಯಲಿಲ್ಲ.

ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು.

ಮಾವನವರು ಗೂಟದಲ್ಲಿದ್ದ ಕೋಟು ತೆಗೆದುಕೊಂಡು ಅಳಿಯನ ಕಡೆ ತಿರುಗಿದರು. "ಈ ಮನೇಲಿ ಹೊತ್ತಿಗೆ ಸರಿಯಾಗಿ ಊಟ ಇಲ್ಲ ಅಂದಿದ್ದು ಸುಳ್ಳಾಯ್ತೇ? ಅವಳೋ ಹುಡುಗಿ, ಮಾತಿಗೆ ಮಾತು ಬೆಳೆಸ್ತಾಳೆ. ಮನೆ ಯಜಮಾನರು ತಾವು, 'ಮೊದಲು ಅಕ್ಕಿ ಹಾಕು' ಅಂತ ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ?"